ಎಂಟೇ ತಿಂಗಳ ಏಳು ಆಸನದ ಕಾರು: ಬಿಸಿಯಾದ ಮೇಲೆ ಗೇರ್ ಹಿಡಿಯುತ್ತಿಲ್ಲ, ಸರ್ವಿಸ್ ಸೆಂಟರಿನವರು ‘ಇದು ಹೀಗೆಯೇ’ ಎನ್ನುತ್ತಾರೆ

ಪ್ರಶ್ನೆ: ದಾವಣಗೆರೆಯ ಗೃಹಿಣಿ, ಎಂ.ಸಿ.ಸಿ. ‘ಬಿ’ ಬ್ಲಾಕ್

ಎಲ್ಲರಿಗೂ ನಮಸ್ಕಾರ. ಎಂಟು ತಿಂಗಳ ಹಿಂದೆ ನಾವು ಏಳು ಜನ ಕೂರಬಹುದಾದ ಪೆಟ್ರೋಲ್ ಕಾರೊಂದನ್ನು ಕೊಂಡೆವು. ಮನೆಯಲ್ಲಿ ಅತ್ತೆ, ಮಾವ, ಇಬ್ಬರು ಮಕ್ಕಳು ಮತ್ತು ನಾವಿಬ್ಬರು ಇದ್ದೇವೆ. ನನ್ನ ಎಡ ಮೊಣಕಾಲಿಗೆ ಶಸ್ತ್ರಚಿಕಿತ್ಸೆ ಆಗಿರುವುದರಿಂದ ಕ್ಲಚ್ ತುಳಿಯುವ ಕಾರು ಬೇಡವೆಂದು, ಒಂದೂವರೆ ಲಕ್ಷ ರೂಪಾಯಿ ಹೆಚ್ಚಾದರೂ ಚಿಂತೆಯಿಲ್ಲವೆಂದು, ಆಟೊಮ್ಯಾಟಿಕ್ ಗೇರಿನದನ್ನೇ ಆರಿಸಿದೆವು. ಎಲ್ಲ ಸೇರಿ ಹದಿನಾರು ಲಕ್ಷಕ್ಕೆ ಬಂತು. ಈವರೆಗೆ ಓಡಿರುವುದು 9,400 ಕಿಲೋಮೀಟರ್ ಮಾತ್ರ.

ತೊಂದರೆ ಬೆಳಿಗ್ಗೆ ಇರುವುದಿಲ್ಲ. ಮಕ್ಕಳನ್ನು ಶಾಲೆಗೆ ಬಿಟ್ಟು, ತರಕಾರಿ ತಂದು ಮನೆ ಸೇರುವಷ್ಟು ಓಡಾಟದಲ್ಲಿ ಕಾರು ಬೆಣ್ಣೆಯಂತೆ ಸಾಗುತ್ತದೆ. ಆದರೆ ಮಧ್ಯಾಹ್ನದ ಬಿಸಿಲಿನಲ್ಲಿ, ಮನೆಮಂದಿಯೆಲ್ಲ ಕುಳಿತು, ಹೆದ್ದಾರಿಯಲ್ಲಿ ಒಂದು ಗಂಟೆ ಓಡಿಸಿದ ಮೇಲೆ ಎರಡು ಬಗೆಯ ದೋಷ ಕಾಣಿಸಿಕೊಳ್ಳುತ್ತದೆ. ಎರಡನೇ ಗೇರಿನಿಂದ ಮೂರಕ್ಕೆ ಹೋಗುವಾಗ ಎಂಜಿನ್ ಸುತ್ತು ತೋರಿಸುವ ಮುಳ್ಳು ಒಮ್ಮೆಲೇ ಮೇಲೆ ಹಾರುತ್ತದೆ, ಕಾರಿನ ವೇಗ ಮಾತ್ರ ಏರುವುದಿಲ್ಲ. ಮರುಕ್ಷಣ ಹಿಂದಿನಿಂದ ಯಾರೋ ದಬ್ಬಿದಂತೆ ಒಂದು ಹೊಡೆತ ಬೀಳುತ್ತದೆ. ಇನ್ನೊಂದು, ಹಿಮ್ಮುಖ ಚಲಿಸಲು ಲಿವರನ್ನು ‘ಆರ್’ಗೆ ಹಾಕಿದರೆ ಎರಡು ಮೂರು ಸೆಕೆಂಡು ಏನೂ ಆಗದೆ, ಆಮೇಲೆ ‘ದಡ್’ ಎಂದು ಹಿಡಿಯುತ್ತದೆ.

ಕಳೆದ ತಿಂಗಳು ಬೆಂಗಳೂರಿಗೆ ಹೊರಟಿದ್ದಾಗ ಹೆಬ್ಬಾಳು ಟೋಲ್ ದಾಟುವವರೆಗೆ ಸುಖವಾಗಿತ್ತು. ಚಿತ್ರದುರ್ಗ ಕಳೆದು ಗುಯಿಲಾಳು ಟೋಲಿನ ಸಾಲಿನಲ್ಲಿ ನಿಂತು, ನಮ್ಮ ಸರದಿ ಬಂದಾಗ ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಅಬ್ಬರಿಸಿತೇ ಹೊರತು ಕಾರು ಒಂದು ಗೇಣೂ ಮುಂದೆ ಸರಿಯಲಿಲ್ಲ. ಹಿಂದಿನಿಂದ ಲಾರಿಗಳ ಹಾರ್ನು, ಒಳಗೆ ಅತ್ತೆಯವರು ಉಕ್ಕಡಗಾತ್ರಿ ಅಜ್ಜಯ್ಯನಿಗೆ ಹರಕೆ ಹೊರುತ್ತಿದ್ದರು. ಎಂಜಿನ್ ಆರಿಸಿ, ಒಂದು ನಿಮಿಷ ಬಿಟ್ಟು ಮತ್ತೆ ಚಾಲೂ ಮಾಡಿದಾಗ ಏನೂ ಆಗಿಲ್ಲವೆಂಬಂತೆ ಹೊರಟಿತು.

ಕಂಪನಿಯ ಅಧಿಕೃತ ಸರ್ವಿಸ್ ಸೆಂಟರಿಗೆ ಮೂರು ಬಾರಿ ಹೋಗಿದ್ದೇವೆ. ಮೊದಲ ಸಲ ಸಾಫ್ಟ್‌ವೇರ್ ಹೊಸದು ಹಾಕಿದ್ದೇವೆಂದರು. ಎರಡನೇ ಸಲ ಎರಡು ದಿನ ಇಟ್ಟುಕೊಂಡು, ದೋಷ ಕಾಣಿಸಲಿಲ್ಲವೆಂದು ತೊಳೆದು ಕೊಟ್ಟರು. ಮೂರನೇ ಸಲ, ಆಟೊಮ್ಯಾಟಿಕ್ ಗೇರಿನ ಸ್ವಭಾವವೇ ಇದು, ಓಡಿಸುವವರು ರೂಢಿ ಮಾಡಿಕೊಳ್ಳಬೇಕು ಎಂದು ನನ್ನ ಮುಖ ನೋಡಿಯಲ್ಲ, ನನ್ನ ಯಜಮಾನರ ಮುಖ ನೋಡಿ ಹೇಳಿದರು. ಕಾರು ಓಡಿಸುವವಳು ನಾನು. ಹದಿನಾಲ್ಕು ವರ್ಷದಿಂದ ಓಡಿಸುತ್ತಿದ್ದೇನೆ.

ಇದು ನಿಜವಾಗಿಯೂ ಸ್ವಭಾವವೇ? ಹೊರಗಿನ ಮೆಕ್ಯಾನಿಕ್ ಒಬ್ಬರಿಗೆ ತೋರಿಸಿದರೆ ವಾರಂಟಿಗೆ ಧಕ್ಕೆಯಾಗುತ್ತದೆಯೇ? ಮುಂದಿನ ತಿಂಗಳು ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ಹೋಗುವುದೆಂದು ನಿಶ್ಚಯವಾಗಿದೆ, ಈ ಕಾರಿನಲ್ಲಿ ಹೋಗಬಹುದೇ? ತಿಳಿದವರು ದಯವಿಟ್ಟು ಹೇಳಿ.

ಉತ್ತರ 1: ಗೇರ್‌ಬಾಕ್ಸ್ ಕೆಲಸ ಮಾಡುವವನು, ಚಿತ್ರದುರ್ಗ

ತಾಯಿ, ಮೊದಲು ಕೊನೆಯ ಪ್ರಶ್ನೆಗೆ ಉತ್ತರಿಸುತ್ತೇನೆ: ಕಾರಣ ತಿಳಿಯುವವರೆಗೆ ಘಾಟಿಗೆ ಒಯ್ಯಬೇಡಿ. ಟೋಲಿನ ಸಮತಟ್ಟು ಜಾಗದಲ್ಲಿ ಗೇರ್ ಬಿಟ್ಟರೆ ಮುಜುಗರವಷ್ಟೇ ಆಗುತ್ತದೆ, ಏರು ತಿರುವಿನಲ್ಲಿ ಹಿಂದೆ ಬಸ್ಸು ಇದ್ದಾಗ ಬಿಟ್ಟರೆ ಬೇರೆ ಮಾತು.

ಇನ್ನು ‘ಆಟೊಮ್ಯಾಟಿಕ್ ಗೇರಿನ ಸ್ವಭಾವ’ ಎಂಬ ಮಾತಿನ ಬಗ್ಗೆ. ಆಟೊಮ್ಯಾಟಿಕ್ ಎಂಬ ಒಂದೇ ಹೆಸರಿನಲ್ಲಿ ನಮ್ಮ ದೇಶದಲ್ಲಿ ನಾಲ್ಕು ಬಗೆಯ ಗೇರ್‌ಬಾಕ್ಸ್‌ಗಳು ಮಾರಾಟವಾಗುತ್ತವೆ, ಮತ್ತು ಒಂದರ ಸ್ವಭಾವ ಇನ್ನೊಂದರಲ್ಲಿ ರೋಗವಾಗಿರುತ್ತದೆ. ಎಎಂಟಿ ಎಂಬುದು ನಾವು ಹಿಂದಿನಿಂದ ಬಲ್ಲ ಸಾಧಾರಣ ಗೇರ್‌ಬಾಕ್ಸೇ. ಅದೇ ಕ್ಲಚ್ ಪ್ಲೇಟು, ಅದೇ ಗೇರುಗಳು, ಕಾಲು ಮತ್ತು ಕೈ ಮಾಡುತ್ತಿದ್ದ ಕೆಲಸವನ್ನು ಯಂತ್ರವೊಂದು ಮಾಡುತ್ತದೆ ಅಷ್ಟೇ. ಅದರಲ್ಲಿ ಗೇರ್ ಬದಲಾಗುವಾಗ ತಲೆ ಸ್ವಲ್ಪ ಮುಂದೆ ಬಾಗುವುದು ಸಹಜ. ಡ್ಯುಯಲ್ ಕ್ಲಚ್ ಎಂಬುದರಲ್ಲಿ ಎರಡು ಕ್ಲಚ್‌ಗಳಿದ್ದು, ಒಂದು ಬೆಸ ಸಂಖ್ಯೆಯ ಗೇರುಗಳನ್ನೂ ಇನ್ನೊಂದು ಸಮ ಸಂಖ್ಯೆಯವನ್ನೂ ನೋಡಿಕೊಳ್ಳುತ್ತದೆ. ಎಣ್ಣೆಯಲ್ಲಿ ಮುಳುಗದ ಒಣ ಕ್ಲಚ್‌ನ ಮಾದರಿಗಳು ತೆವಳುವ ಟ್ರಾಫಿಕ್ಕಿನಲ್ಲಿ ಬಿಸಿಯಾಗಿ ನಡುಗುವುದುಂಟು. ಸಿವಿಟಿಯಲ್ಲಿ ಹಲ್ಲಿನ ಗೇರುಗಳ ಮೆಟ್ಟಿಲೇ ಇಲ್ಲ, ಎರಡು ರಾಟೆಗಳ ನಡುವೆ ಉಕ್ಕಿನ ಪಟ್ಟಿ ಓಡುತ್ತದೆ. ಅದರಲ್ಲಿ ಎಂಜಿನ್ ಸುತ್ತು ಮೊದಲು ಏರಿ ವೇಗ ಆಮೇಲೆ ಬರುವುದು ಹುಟ್ಟುಗುಣ. ನಾಲ್ಕನೆಯದು ಟಾರ್ಕ್ ಕನ್ವರ್ಟರ್. ಇದರಲ್ಲಿ ಎಂಜಿನ್ನಿನ ಬಲ ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟುತ್ತದೆ. ನಾಲ್ಕರಲ್ಲಿ ಅತ್ಯಂತ ನಯವಾಗಿರಬೇಕಾದುದು ಇದೇ. ನೀವು ವರ್ಣಿಸಿದ ಲಕ್ಷಣಗಳು ಟಾರ್ಕ್ ಕನ್ವರ್ಟರಿನಲ್ಲಿ ಕಂಡರೆ ಅದನ್ನು ಸ್ವಭಾವವೆಂದು ನಾನು ಒಪ್ಪುವುದಿಲ್ಲ.

ಕಾರಿನ ಜೊತೆ ಬಂದ ಪುಸ್ತಕದಲ್ಲಿ ಯಾವ ಬಗೆಯೆಂದು ಬರೆದಿರುತ್ತದೆ, ನೋಡಿ ತಿಳಿಸಿ. ಹಾಗೆಯೇ ಇನ್ನೆರಡು ವಿಷಯ ಬೇಕು. ಕಾರು ನಿಲ್ಲಿಸುವ ಜಾಗದಲ್ಲಿ ಎಣ್ಣೆಯ ಕಲೆ ಇದೆಯೇ? ಕೊಂಡ ಮೇಲೆ ಹೊರಗಿನ ಅಂಗಡಿಯಲ್ಲಿ ಲೈಟು, ಕ್ಯಾಮೆರಾ ಮುಂತಾದವನ್ನು ವೈರ್ ಕತ್ತರಿಸಿ ಹಾಕಿಸಿದ್ದೀರಾ?

ಎರಡನೇ ಸಲ ದೋಷ ಏಕೆ ಕಾಣಿಸಲಿಲ್ಲವೆಂಬುದು ನನಗೆ ಆಶ್ಚರ್ಯವೇನಲ್ಲ. ಬೆಳಿಗ್ಗೆ ಹತ್ತಕ್ಕೆ ಬಿಟ್ಟ ಕಾರು ಸಂಜೆಯ ಹೊತ್ತಿಗೆ ತಣ್ಣಗಾಗಿರುತ್ತದೆ. ಒಬ್ಬನೇ ಹುಡುಗ ಪಿ.ಬಿ. ರಸ್ತೆಯಲ್ಲಿ ಮೂರು ಕಿಲೋಮೀಟರ್ ಓಡಿಸಿ ತಂದು ನಿಲ್ಲಿಸುತ್ತಾನೆ. ಗೇರ್‌ಬಾಕ್ಸಿನ ಎಣ್ಣೆ ಬಿಸಿಯೇ ಆಗಿರುವುದಿಲ್ಲ. ಬಿಸಿಯಾದಾಗ ಬರುವ ಜ್ವರವನ್ನು ತಣ್ಣಗಿದ್ದಾಗ ಅಳೆದರೆ ಏನು ಸಿಕ್ಕೀತು?

ಉತ್ತರ 2: ಹರಿಹರದ ಓದುಗ

ಮೇಡಂ, ನಾನೂ ಎರಡು ವರ್ಷದಿಂದ ಆಟೊಮ್ಯಾಟಿಕ್ ಕಾರು ಓಡಿಸುತ್ತಿದ್ದೇನೆ. ಮೊದಮೊದಲು ನನಗೂ ಹೀಗೆಯೇ ಎಳೆತ, ಜಗ್ಗಾಟ ಎಲ್ಲ ಆಗುತ್ತಿತ್ತು. ಗೇರ್ ಬದಲಾಗುವ ಸಮಯಕ್ಕೆ ಸರಿಯಾಗಿ ಬಲಗಾಲನ್ನು ಸ್ವಲ್ಪ ಸಡಿಲಿಸಿದರೆ ಹೊಡೆತ ಬೀಳುವುದಿಲ್ಲ. ಸರ್ವಿಸ್ ಸೆಂಟರಿನವರು ಹೇಳಿದ್ದರಲ್ಲಿ ಸತ್ಯಾಂಶವಿದೆ ಎಂದು ನನ್ನ ಅನಿಸಿಕೆ. ಅದಕ್ಕೂ ಸರಿಹೋಗದಿದ್ದರೆ ಹೊರಗೆ ಒಳ್ಳೆಯ ಗ್ಯಾರೇಜಿನಲ್ಲಿ ಗೇರ್ ಆಯಿಲ್ ಬದಲಾಯಿಸಿಬಿಡಿ, ದೊಡ್ಡ ಖರ್ಚೇನಲ್ಲ.

ಉತ್ತರ 3: ಗೇರ್‌ಬಾಕ್ಸ್ ಕೆಲಸ ಮಾಡುವವನು, ಚಿತ್ರದುರ್ಗ

ಹರಿಹರದ ಸಹೋದರರೇ, ನೀವು ಹೇಳುವ ಕಾಲಿನ ಉಪಾಯ ಎಎಂಟಿಗೆ ಸರಿ, ನಿಮ್ಮ ಕಾರು ಬಹುಶಃ ಅದೇ. ಆದರೆ ‘ಆರ್’ಗೆ ಹಾಕಿ ಮೂರು ಸೆಕೆಂಡು ಕಾಯುವುದಕ್ಕೂ, ಟೋಲಿನಲ್ಲಿ ಕಾರು ಅಲುಗದಿರುವುದಕ್ಕೂ ಕಾಲಿನ ಚಳಕ ಔಷಧವಲ್ಲ. ಎರಡನೆಯ ಸಲಹೆಯನ್ನಂತೂ ದಯವಿಟ್ಟು ಯಾರೂ ಪಾಲಿಸಬೇಡಿ. ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ ಒಂದೊಂದಕ್ಕೂ ಒಂದೊಂದು ಬಗೆಯದು; ಸಿವಿಟಿಯ ಎಣ್ಣೆಯನ್ನು ಟಾರ್ಕ್ ಕನ್ವರ್ಟರಿಗೆ ಹಾಕಿದರೆ ಇದ್ದ ರೋಗದ ಮೇಲೆ ಇನ್ನೊಂದು ರೋಗ ಬರುತ್ತದೆ. ವಾರಂಟಿಯಲ್ಲಿರುವ ಗೇರ್‌ಬಾಕ್ಸಿನ ಬೋಲ್ಟನ್ನು ಹೊರಗಿನವರು ಒಮ್ಮೆ ಬಿಚ್ಚಿದರೆಂದರೆ, ಆಮೇಲೆ ಏನೇ ಕೆಟ್ಟರೂ ಅವರೇ ಕೆಡಿಸಿದ್ದು ಎನ್ನಲು ಕಂಪನಿಗೆ ದಾರಿ ಸಿಕ್ಕಿತು. ನಾನೂ ಹೊರಗಿನ ಮೇಸ್ತ್ರಿಯೇ. ಗಿರಾಕಿಯನ್ನು ಕಳೆದುಕೊಂಡರೂ ಹೇಳುತ್ತಿದ್ದೇನೆ, ನನ್ನ ಹತ್ತಿರ ತಂದರೂ ಕಾರಿನ ಕಂಪ್ಯೂಟರಿನ ದಾಖಲೆಯನ್ನು ಸ್ಕ್ಯಾನರ್ ಹಾಕಿ ಓದುವುದನ್ನು ಬಿಟ್ಟು ಬೇರೇನನ್ನೂ ಮುಟ್ಟುವುದಿಲ್ಲ.

ಪ್ರಶ್ನೆ ಕೇಳಿದವರ ಮರುನುಡಿ

ಪುಸ್ತಕ ತೆಗೆದು ನೋಡಿದೆವು, ಆರು ವೇಗದ ಟಾರ್ಕ್ ಕನ್ವರ್ಟರ್ ಎಂದಿದೆ. ನಿಲ್ಲಿಸುವ ಜಾಗದಲ್ಲಿ ಎಣ್ಣೆಯ ಒಂದು ಹನಿಯೂ ಇಲ್ಲ. ನಮ್ಮದು ಬಿಳಿಯ ಟೈಲ್ಸ್ ನೆಲ, ಬಿದ್ದಿದ್ದರೆ ಕಾಣುತ್ತಿತ್ತು. ಹೊರಗೆ ಹಾಕಿಸಿದ್ದು ಸೀಟಿನ ಹೊದಿಕೆ ಮತ್ತು ಮ್ಯಾಟ್ ಮಾತ್ರ, ವೈರಿಗೆ ಯಾರೂ ಕೈ ಹಾಕಿಲ್ಲ. ಪ್ರತಿ ಭೇಟಿಯಲ್ಲಿ ದೂರು ಮತ್ತು ಕೆಲಸ ಬರೆದುಕೊಟ್ಟ ಮೂರೂ ಜಾಬ್ ಕಾರ್ಡ್‌ಗಳನ್ನು ಹುಡುಕಿದಾಗ ಬೇಸರವಾಯಿತು. ಮೊದಲನೆಯದರಲ್ಲಿ ‘ಸಾಮಾನ್ಯ ತಪಾಸಣೆ’ ಎಂದೂ, ಎರಡನೆಯದರಲ್ಲಿ ‘ವಾಷಿಂಗ್’ ಎಂದೂ ಬರೆದಿದ್ದಾರೆ. ಗೇರ್ ಎಂಬ ಪದ ಮೂರನೆಯದರಲ್ಲಿ ಮಾತ್ರ ಇದೆ. ಮೂರಕ್ಕೂ ‘ತೃಪ್ತಿಕರ’ ಎಂಬಲ್ಲಿ ನಮ್ಮ ಯಜಮಾನರೇ ಸಹಿ ಹಾಕಿದ್ದಾರೆ.

ಉತ್ತರ 4: ಅಕ್ಕಿ ವ್ಯಾಪಾರಿ, ದಾವಣಗೆರೆ

ವೈರಿನ ಮಾತು ಬಂದದ್ದರಿಂದ ಒಂದು ಮಾತು. ನನ್ನ ಕಾರಿನ ಗೇರಿನ ದೀಪ ಹೊತ್ತಿಕೊಂಡು ಕಾರು ಮೂರನೇ ಗೇರಿನಲ್ಲೇ ಅಂಟಿಕೊಂಡಾಗ, ಗೇರ್‌ಬಾಕ್ಸೇ ಹೋಯಿತೆಂದು ಎದೆ ಒಡೆದುಕೊಂಡಿದ್ದೆ. ಕೊನೆಗೆ ನೋಡಿದರೆ ಇಲಿ ವೈರ್ ಕಡಿದಿತ್ತು. ಗೋದಾಮಿನ ಪಕ್ಕ ನಿಲ್ಲಿಸುವವರ ಪಾಡು ಇದು. ಇಲಿ ಕಡಿದದ್ದಕ್ಕೆ ವಾರಂಟಿ ಕೊಡಲಿಲ್ಲ, ಕೈಯಿಂದಲೇ ಕಟ್ಟಿದೆ. ನಿಮ್ಮದು ಬಿಸಿಯಾದಾಗ ಮಾತ್ರ ಬರುವುದರಿಂದ ಇಲಿಯದ್ದಿರಲಾರದು, ಆದರೂ ಬಾನೆಟ್ ತೆಗೆದು ಒಮ್ಮೆ ನೋಡಿಬಿಡಿ.

ಉತ್ತರ 5: ಗೇರ್‌ಬಾಕ್ಸ್ ಕೆಲಸ ಮಾಡುವವನು, ಚಿತ್ರದುರ್ಗ

ಟಾರ್ಕ್ ಕನ್ವರ್ಟರ್ ಎಂದಾದ ಮೇಲೆ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ಸರ್ವಿಸ್ ಸೆಂಟರಿನಲ್ಲಿ ಮಾತನಾಡುವಾಗ ನಿಮಗೆ ಉಪಯೋಗಕ್ಕೆ ಬಂದೀತು.

ಈ ಗೇರ್‌ಬಾಕ್ಸಿನೊಳಗೆ ಎಂಜಿನ್ ತಿರುಗಿದಂತೆ ತಿರುಗುವ ಒಂದು ಎಣ್ಣೆಯ ಪಂಪ್ ಇದೆ. ತಳದ ತಟ್ಟೆಯಲ್ಲಿರುವ ಎಣ್ಣೆಯನ್ನು ಅದು ಹೀರಿ ಒತ್ತಡಕ್ಕೆ ಏರಿಸುತ್ತದೆ. ಆ ಒತ್ತಡವೇ ಒಳಗಿನ ಕ್ಲಚ್ ಬಿಲ್ಲೆಗಳ ಕಟ್ಟುಗಳನ್ನು ಒಂದಕ್ಕೊಂದು ಬಿಗಿಯಾಗಿ ಒತ್ತಿ ಹಿಡಿಯುತ್ತದೆ. ಯಾವ ಕಟ್ಟು ಬಿಗಿಯಬೇಕು, ಯಾವುದು ಸಡಿಲಬೇಕು ಎಂಬುದನ್ನು ವಾಲ್ವ್ ಬಾಡಿ ಎಂಬ ಕವಾಟಗಳ ಪೆಟ್ಟಿಗೆ, ಕಂಪ್ಯೂಟರ್ ಹೇಳಿದಂತೆ, ನಿರ್ಧರಿಸುತ್ತದೆ. ಎರಡರಿಂದ ಮೂರಕ್ಕೆ ಹೋಗುವುದೆಂದರೆ ಒಂದು ಕಟ್ಟು ಬಿಡುವ ಹೊತ್ತಿಗೆ ಸರಿಯಾಗಿ ಇನ್ನೊಂದು ಹಿಡಿಯುವುದು. ಹಿಡಿಯಬೇಕಾದದ್ದು ತಡವಾದರೆ ಎಂಜಿನ್ ಬರಿದೇ ತಿರುಗಿ ಮುಳ್ಳು ಮೇಲೇರುತ್ತದೆ, ಆಮೇಲೆ ಒಮ್ಮೆಲೇ ಹಿಡಿದಾಗ ನಿಮಗೆ ಹೊಡೆತ ಬೀಳುತ್ತದೆ. ‘ಆರ್’ನಲ್ಲಿ ಕಾಯುವುದೂ ಅದೇ ಕಾರಣಕ್ಕೆ: ಒತ್ತಡ ತುಂಬಲು ಸಮಯ ಹಿಡಿಯುತ್ತಿದೆ. ಟೋಲಿನಲ್ಲಿ ಆದದ್ದು ಇದರ ಕೊನೆಯ ಹಂತ, ಯಾವ ಕಟ್ಟೂ ಗಟ್ಟಿಯಾಗಿ ಹಿಡಿಯಲಿಲ್ಲ. ನೋಡಿ, ನೀವು ಮೂರು ದೋಷವೆಂದುಕೊಂಡದ್ದು ನನ್ನ ಕಣ್ಣಿಗೆ ಒಂದೇ ದೋಷ, ಎಣ್ಣೆಯ ಒತ್ತಡ ಸಾಲುತ್ತಿಲ್ಲ.

ಏಕೆ ಸಾಲುತ್ತಿಲ್ಲ? ಹೊಸ ಗೇರ್‌ಬಾಕ್ಸಿನಲ್ಲಿ ಬಿಲ್ಲೆಗಳು ಸವೆದಿರುವ ಸಂಭವ ಕಡಿಮೆ. ನಾನಾಗಿದ್ದರೆ ಮೊದಲು ಎಣ್ಣೆಯ ಮಟ್ಟವನ್ನೇ ಸಂಶಯಿಸುತ್ತಿದ್ದೆ. ಎಣ್ಣೆ ಕಡಿಮೆಯಿದ್ದರೆ ಪಂಪ್ ಎಣ್ಣೆಯ ಜೊತೆ ಗಾಳಿಯನ್ನೂ ಹೀರುತ್ತದೆ, ಬಿಸಿ ಎಣ್ಣೆ ಮಜ್ಜಿಗೆ ಕಡೆದಂತೆ ನೊರೆಯಾಗುತ್ತದೆ, ನೊರೆಯಿಂದ ಒತ್ತಡ ಹುಟ್ಟುವುದಿಲ್ಲ. ಎಂಜಿನ್ ಆರಿಸಿ ಒಂದು ನಿಮಿಷ ಬಿಟ್ಟಾಗ ಸರಿಹೋಯಿತು ಎಂದಿರಲ್ಲ, ಆ ಮಾತು ನನ್ನ ಸಂಶಯವನ್ನು ಬಲಪಡಿಸಿತು: ನೊರೆ ಸ್ವಲ್ಪ ಇಳಿದಿರಬೇಕು, ಎಣ್ಣೆ ತಟ್ಟೆಗೆ ಮರಳಿರಬೇಕು. ನೆಲದ ಮೇಲೆ ಹನಿ ಇಲ್ಲವೆಂಬ ಮಾತ್ರಕ್ಕೆ ಸೋರಿಕೆ ಇಲ್ಲವೆನ್ನಲಾಗದು. ಈಗಿನ ಕಾರುಗಳ ಹೊಟ್ಟೆಯ ಕೆಳಗೆ ಪ್ಲಾಸ್ಟಿಕ್ಕಿನ ಹೊದಿಕೆ ಇರುತ್ತದೆ, ಸೋರಿದ್ದು ಅದರೊಳಗೇ ಹರಡಿ ಧೂಳು ಹಿಡಿದುಕೊಂಡು ಕೂರುತ್ತದೆ. ಮಟ್ಟ ಸರಿಯಿದ್ದರೆ ಆಮೇಲೆ ವಾಲ್ವ್ ಬಾಡಿ, ಅದರ ವಿದ್ಯುತ್ ಕವಾಟಗಳು, ಬಿಸಿಯಲ್ಲಿ ಮೆತ್ತಗಾಗುವ ಸೀಲುಗಳು, ಕೊನೆಗೆ ಕಂಪ್ಯೂಟರ್.

ಮಟ್ಟ ನೋಡುವುದು ಹಳೆಯ ಅಂಬಾಸಿಡರಿನಲ್ಲಿ ಎಂಜಿನ್ ಆಯಿಲ್ ಕಡ್ಡಿ ಎಳೆದು ನೋಡಿದಷ್ಟು ಸುಲಭವಲ್ಲ. ಈಗಿನ ಹಲವು ಗೇರ್‌ಬಾಕ್ಸ್‌ಗಳಲ್ಲಿ ಕಡ್ಡಿಯೇ ಇರುವುದಿಲ್ಲ. ಕಾರನ್ನು ಲಿಫ್ಟಿನ ಮೇಲೆ ಸಮತಟ್ಟಾಗಿ ಏರಿಸಿ, ಎಂಜಿನ್ ಚಾಲೂ ಇಟ್ಟು, ಎಣ್ಣೆ ತಯಾರಕರು ಹೇಳಿದ ತಾಪಮಾನಕ್ಕೆ ಬಂದಾಗ ತಪಾಸಣೆಯ ಮುಚ್ಚಳ ಬಿಚ್ಚಬೇಕು. ಸಣ್ಣ ಧಾರೆಯಾಗಿ ಒಸರಿದರೆ ಮಟ್ಟ ಸರಿಯಿದೆ, ಏನೂ ಬಾರದಿದ್ದರೆ ಕಡಿಮೆಯಿದೆ. ತಾಪಮಾನ ನೋಡದೆ ಬಿಚ್ಚಿದರೆ ಉತ್ತರವೇ ತಪ್ಪು. ಮೂರು ಭೇಟಿಯಲ್ಲಿ ಒಮ್ಮೆಯಾದರೂ ಇದನ್ನು ಮಾಡಿದ್ದಾರೆಯೇ ಎಂದು ಕೇಳಿ. ಮಾಡಿಲ್ಲವೆಂದೇ ನನ್ನ ಊಹೆ, ಏಕೆಂದರೆ ಲಿಫ್ಟು ಒಂದು ಗಂಟೆ ಹಿಡಿದಿಟ್ಟುಕೊಳ್ಳುವ ಕೆಲಸವಿದು, ವಾರಂಟಿಯ ಗಾಡಿಗೆ ಆ ಗಂಟೆ ಕೊಡಲು ಯಾರಿಗೂ ಮನಸ್ಸಿರುವುದಿಲ್ಲ.

ಇನ್ನೊಂದು ಕೆಲಸವನ್ನು ಪಟ್ಟು ಹಿಡಿದು ಮಾಡಿಸಿ. ಮೆಕ್ಯಾನಿಕ್ಕನ್ನು ಕಾರಿನಲ್ಲಿ ಕೂರಿಸಿಕೊಂಡು, ಸ್ಕ್ಯಾನರ್ ಜೋಡಿಸಿಕೊಂಡೇ, ಮಧ್ಯಾಹ್ನ ದಾವಣಗೆರೆಯಿಂದ ಆನಗೋಡು, ಭರಮಸಾಗರ ದಾಟಿ ಚಿತ್ರದುರ್ಗದವರೆಗೆ ಓಡಿಸಿ, ಸಾಧ್ಯವಾದರೆ ಜೋಗಿಮಟ್ಟಿಯ ಏರನ್ನು ಹತ್ತಿಸಿ ಹಿಂದಕ್ಕೆ ಬನ್ನಿ. ಕಾರಿನಲ್ಲಿ ಜನ ತುಂಬಿರಲಿ. ಗೇರ್‌ಬಾಕ್ಸಿಗೆ ಒಳಬರುವ ಸುತ್ತು ಮತ್ತು ಹೊರಹೋಗುವ ಸುತ್ತನ್ನು ಎರಡು ಸೆನ್ಸರ್‌ಗಳು ಅಳೆಯುತ್ತಿರುತ್ತವೆ. ಯಾವ ಗೇರಿನಲ್ಲಿ ಎರಡರ ಅನುಪಾತ ಎಷ್ಟಿರಬೇಕೆಂದು ಕಂಪ್ಯೂಟರಿಗೆ ಗೊತ್ತು. ಬಿಲ್ಲೆ ಜಾರಿದಾಗ ಲೆಕ್ಕ ತಪ್ಪುತ್ತದೆ, ಆಗ ಪಿ0730 ಎಂಬ ಸಂಕೇತ ದಾಖಲಾಗಬಹುದು. ಬರಿಯ ಪಿ0700 ಬಂದರೆ ‘ಗೇರ್‌ಬಾಕ್ಸಿನ ಕಂಪ್ಯೂಟರಿನಲ್ಲಿ ಏನೋ ಇದೆ, ಅಲ್ಲಿ ಕೇಳಿ’ ಎಂದು ಎಂಜಿನ್ ಕಂಪ್ಯೂಟರ್ ಬೆರಳು ತೋರಿಸಿದಂತೆ ಅಷ್ಟೇ, ರೋಗದ ಹೆಸರಲ್ಲ. ಸಂಕೇತ ಬಾರದಿದ್ದರೂ ಆ ಕ್ಷಣದ ಎಣ್ಣೆಯ ತಾಪಮಾನ ಮತ್ತು ಎರಡು ಸುತ್ತುಗಳ ದಾಖಲೆ ಸಿಕ್ಕರೆ ಸ್ವಭಾವದ ವಾದ ಅಲ್ಲಿಗೆ ಮುಗಿಯುತ್ತದೆ.

ಮತ್ತೆ ದಾರಿಯಲ್ಲಿ ನಿಂತರೆ ಹಗ್ಗ ಕಟ್ಟಿ ಎಳೆಸಬೇಡಿ. ಎಂಜಿನ್ ಆರಿದ್ದರೆ ಪಂಪ್ ತಿರುಗುವುದಿಲ್ಲ, ಎಣ್ಣೆಯಿಲ್ಲದೆ ಒಳಗಿನ ಗೇರುಗಳು ಒಣಗಿ ತಿರುಗಿ ಸುಡುತ್ತವೆ. ಕಾರನ್ನೇ ಮೇಲೇರಿಸಿಕೊಂಡು ಹೋಗುವ ಗಾಡಿಯನ್ನೇ ಕರೆಸಿ.

ಉತ್ತರ 6: ವಕೀಲ, ದಾವಣಗೆರೆ

ಮೇಸ್ತ್ರಿಯವರ ಮಾತಿಗೆ ನಾನು ಕಾಗದದ ಕಡೆಯಿಂದ ಸೇರಿಸುತ್ತೇನೆ. ಮೇಡಂ, ಎರಡನೇ ಜಾಬ್ ಕಾರ್ಡಿನಲ್ಲಿ ‘ವಾಷಿಂಗ್’ ಎಂದಿರುವುದು ಸಣ್ಣ ವಿಷಯವಲ್ಲ. ನಾಳೆ ಯಾರ ಮುಂದೆ ಹೋದರೂ, ನೀವು ಅಂದು ಕಾರು ತೊಳೆಸಲು ಹೋಗಿದ್ದಿರಿ ಎಂದೇ ಎದುರಿನವರು ವಾದಿಸುತ್ತಾರೆ. ಇನ್ನು ಮುಂದೆ ದೂರನ್ನು ನಿಮ್ಮ ಮಾತಿನಲ್ಲೇ ಬರೆಸಿ, ಓದಿ, ಆಮೇಲೆ ಸಹಿ ಮಾಡಿ. ಕಾರು ಪಡೆಯುವಾಗ ‘ತೃಪ್ತಿಕರ’ ಎಂಬಲ್ಲಿ ‘ದೋಷ ಪರಿಹಾರವಾಗಿದೆಯೇ ಎಂಬುದನ್ನು ಓಡಿಸಿ ನೋಡಬೇಕು’ ಎಂದು ಕೈಬರಹದಲ್ಲಿ ಸೇರಿಸಿ. ಹಿಂದಿನ ಮೂರು ಭೇಟಿಗಳ ಬಗ್ಗೆ ಇಂದೇ ಒಂದು ಇ-ಮೇಲನ್ನು ಮಾರಾಟಗಾರರಿಗೂ ತಯಾರಕ ಕಂಪನಿಗೂ ಕಳುಹಿಸಿ: ಯಾವ ದಿನ, ಎಷ್ಟು ಕಿಲೋಮೀಟರಿನಲ್ಲಿ, ಏನು ಹೇಳಿದೆವು, ಏನು ಉತ್ತರ ಬಂತು. ಟೋಲಿನಲ್ಲಿ ನಿಂತ ಘಟನೆಯನ್ನೂ ಬರೆಯಿರಿ; ಫಾಸ್ಟ್ಯಾಗ್ ಹಣ ಕಡಿತದ ಸಂದೇಶದಲ್ಲಿ ಅಂದಿನ ವೇಳೆ ಇರುತ್ತದೆ, ಅಳಿಸಬೇಡಿ.

ಹೊಸ ಕಾರನ್ನೇ ಬದಲಾಯಿಸಿ ಕೊಡಿಸುವ ಪ್ರತ್ಯೇಕ ಕಾನೂನು ನಮ್ಮಲ್ಲಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಹೋಗಬೇಕು, ಅದು 2020ರ ಜುಲೈ 20ರಿಂದ ಜಾರಿಯಲ್ಲಿದೆ. ಪಾವತಿಸಿದ ಬೆಲೆ 50 ಲಕ್ಷ ರೂಪಾಯಿ ಮೀರದ ದೂರುಗಳು ಜಿಲ್ಲಾ ಗ್ರಾಹಕ ಆಯೋಗಕ್ಕೆ ಬರುತ್ತವೆ; 10 ಲಕ್ಷದಿಂದ 20 ಲಕ್ಷದವರೆಗಿನ ಬೆಲೆಗೆ ಶುಲ್ಕ 400 ರೂಪಾಯಿ. ಕಂಪನಿಯ ಕಚೇರಿ ಎಲ್ಲೇ ಇರಲಿ, ದೂರುದಾರರು ವಾಸಿಸುವ ಜಿಲ್ಲೆಯಲ್ಲೇ ಸಲ್ಲಿಸಲು 34ನೇ ಕಲಮು ಅವಕಾಶ ಕೊಡುತ್ತದೆ, ಹಾಗಾಗಿ ನೀವು ದಾವಣಗೆರೆ ಬಿಟ್ಟು ಅಲೆಯಬೇಕಾಗಿಲ್ಲ. ಕಾರಣ ಉಂಟಾದ ದಿನದಿಂದ ಎರಡು ವರ್ಷದೊಳಗೆ ಸಲ್ಲಿಸಬೇಕು. ದೋಷವನ್ನು ಪರೀಕ್ಷೆಯಿಲ್ಲದೆ ತಿಳಿಯಲಾಗದಿದ್ದರೆ ವಸ್ತುವನ್ನು ಸೂಕ್ತ ಪ್ರಯೋಗಾಲಯದ ಪರೀಕ್ಷೆಗೆ ಕಳುಹಿಸುವ ಅಧಿಕಾರ ಆಯೋಗಕ್ಕಿದೆ. ಪರೀಕ್ಷೆ ಬೇಕಾದ ದೂರನ್ನು ಐದು ತಿಂಗಳಲ್ಲಿ ಮುಗಿಸಲು ಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ. ನ್ಯಾಯಾಲಯದ ಮೆಟ್ಟಿಲು ಸವೆಸಿದವನಾಗಿ ಆ ಐದು ತಿಂಗಳನ್ನು ನಂಬಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಬೇಡಿ ಎಂದಷ್ಟೇ ಹೇಳಬಲ್ಲೆ. ವಕೀಲರಿಲ್ಲದೆ ನೀವೇ ವಾದಿಸಬಹುದು, ಇದನ್ನು ಹೇಳಿದ್ದಕ್ಕೆ ನನ್ನ ಸಹೋದ್ಯೋಗಿಗಳು ಬೈದುಕೊಂಡರೂ ಸರಿ.

ಕಾರನ್ನೇ ಬದಲಾಯಿಸಿ ಕೊಡಿ ಎಂಬ ಬೇಡಿಕೆಯ ಮೇಲೆ ಮಾತ್ರ ನಿಲ್ಲಬೇಡಿ. 2006ರಲ್ಲಿ ಸುಪ್ರೀಂ ಕೋರ್ಟ್ ಒಂದು ಕಾರಿನ ಪ್ರಕರಣದಲ್ಲಿ, ವಾರಂಟಿಯ ಷರತ್ತು ದೋಷವಿರುವ ಭಾಗವನ್ನು ಬದಲಿಸುವುದಕ್ಕೆ ಸಂಬಂಧಿಸಿದ್ದೇ ಹೊರತು ಇಡೀ ವಾಹನವನ್ನು ಬದಲಿಸುವುದಕ್ಕಲ್ಲ ಎಂಬ ನಿಲುವು ತಳೆದಿತ್ತು. ಮತ್ತೆ ಮತ್ತೆ ರಿಪೇರಿ ಮಾಡಿಯೂ ಹೋಗದ ದೋಷವೆಂದು ತೋರಿಸಿದವರ ಕೈ ಬಲವಾಗಿರುತ್ತದೆ, ಮತ್ತೆ ಮತ್ತೆ ಎಂಬುದನ್ನು ತೋರಿಸುವುದು ಜಾಬ್ ಕಾರ್ಡೇ. ಹಾಗಾಗಿ ಮೊದಲು ಗೇರ್‌ಬಾಕ್ಸಿನ ದೋಷದ ಪತ್ತೆ ಮತ್ತು ಪರಿಹಾರ, ಅದು ವಿಫಲವಾದರೆ ಗೇರ್‌ಬಾಕ್ಸಿನ ಬದಲಾವಣೆ, ಅದೂ ಆಗದಿದ್ದರೆ ಹಣ ವಾಪಸ್ಸು ಎಂದು ಮೆಟ್ಟಿಲು ಮೆಟ್ಟಿಲಾಗಿ ಕೇಳಿ. ದಾವೆಗೆ ಮುಂಚೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಪಡೆಯಿರಿ. ಆ ಸಂಖ್ಯೆಯನ್ನು ಇ-ಮೇಲಿನಲ್ಲಿ ನಮೂದಿಸಿದ ಮೇಲೆ ಉತ್ತರದ ಧಾಟಿ ಬದಲಾಗುವುದನ್ನು ನಾನು ಕಂಡಿದ್ದೇನೆ.

ಪ್ರಶ್ನೆ ಕೇಳಿದವರ ಮರುನುಡಿ, ಹದಿನೆಂಟು ದಿನಗಳ ನಂತರ

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ವಕೀಲರು ಹೇಳಿದಂತೆ ಇ-ಮೇಲ್ ಕಳುಹಿಸಿದೆವು, 1915ರಲ್ಲಿ ದೂರು ದಾಖಲಿಸಿದೆವು. ನಾಲ್ಕನೇ ದಿನಕ್ಕೆ ಸರ್ವಿಸ್ ಸೆಂಟರಿನಿಂದಲೇ ಕರೆ ಬಂತು. ಈ ಸಲ ಜಾಬ್ ಕಾರ್ಡಿನಲ್ಲಿ ನಾನೇ ಎಂಟು ಸಾಲು ಬರೆದೆ. ಬೇರೆ ಊರಿನಿಂದ ಬಂದಿದ್ದ ಕಂಪನಿಯ ತಂತ್ರಜ್ಞರೊಬ್ಬರು ಲ್ಯಾಪ್‌ಟಾಪ್ ಹಿಡಿದು ಮುಂದೆ ಕೂತರು, ಹಿಂದೆ ಅತ್ತೆ, ಮಾವ, ಯಜಮಾನರು ಮತ್ತು ಮಕ್ಕಳು. ಪರೀಕ್ಷೆಯ ಓಟಕ್ಕೆ ಇಡೀ ಕುಟುಂಬ ಹೊರಟಿದ್ದನ್ನು ಕಂಡು ಅವರಿಗೆ ನಗು ತಡೆಯಲಾಗಲಿಲ್ಲ. ಭರಮಸಾಗರದವರೆಗೆ ಕಾರು ಸಂಭಾವಿತನಂತೆ ನಡೆದುಕೊಂಡಿತು, ನನ್ನ ಮಾನ ಹೋಯಿತೆಂದುಕೊಂಡೆ. ಚಿತ್ರದುರ್ಗ ತಲುಪಿ ಊರೊಳಗಿನ ಟ್ರಾಫಿಕ್ಕಿನಲ್ಲಿ ನಿಂತು ನಿಂತು ಹೊರಟಾಗ ಮುಳ್ಳು ಮೂರು ಬಾರಿ ಹಾರಿತು. ಜೋಗಿಮಟ್ಟಿಯ ದಾರಿಯಲ್ಲಿ ತಿರುಗಿಸಲೆಂದು ‘ಆರ್’ಗೆ ಹಾಕಿದಾಗ ಅವರೇ ಕೈಗಡಿಯಾರ ನೋಡಿ ನಾಲ್ಕು ಸೆಕೆಂಡು ಎಂದರು. ಪಿ0730 ದಾಖಲಾಗಿದೆ, ಮುದ್ರಿತ ಪ್ರತಿಯನ್ನು ಕೇಳಿ ಪಡೆದಿದ್ದೇನೆ.

ಮರುದಿನ ಕಾರನ್ನು ಲಿಫ್ಟಿಗೆ ಏರಿಸಿ ಕೆಳಗಿನ ಪ್ಲಾಸ್ಟಿಕ್ ಹೊದಿಕೆ ಬಿಚ್ಚಿದಾಗ ನಾನು ಅಲ್ಲೇ ನಿಂತಿದ್ದೆ. ಮೇಸ್ತ್ರಿಯವರು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಹೊದಿಕೆಯ ಒಳಮೈ ಎಣ್ಣೆ ಮತ್ತು ಧೂಳಿನಿಂದ ಹಪ್ಪಳದಂತೆ ಗಟ್ಟಿಯಾಗಿತ್ತು. ಎಣ್ಣೆಯನ್ನು ತಣಿಸುವ ಕೂಲರಿಗೆ ಹೋಗುವ ಕೊಳವೆಯ ಕೀಲಿನಲ್ಲಿ ಸೀಲು ಸರಿಯಾಗಿ ಕೂತಿರಲಿಲ್ಲವಂತೆ, ಬಿಸಿಯಾಗಿ ಒತ್ತಡ ಏರಿದಾಗ ಮಾತ್ರ ಒಸರುತ್ತಿತ್ತು. ತಪಾಸಣೆಯ ಮುಚ್ಚಳ ಬಿಚ್ಚಿದರೆ ಒಂದು ಹನಿಯೂ ಬರಲಿಲ್ಲ. ಸೀಲು ಬದಲಿಸಿ, ಮಟ್ಟಕ್ಕೆ ತರಲು ಒಂದು ಲೀಟರಿಗಿಂತ ಹೆಚ್ಚು ಎಣ್ಣೆ ಹಾಕಿದರು.

ಆ ಬಳಿಕ ಎರಡು ಸಲ ಚಿತ್ರದುರ್ಗಕ್ಕೆ ಹೋಗಿ ಬಂದೆವು, ಮುಳ್ಳು ಹಾರುವುದು ನಿಂತಿದೆ. ‘ಆರ್’ನಲ್ಲಿ ಮಾತ್ರ ಬಿಸಿಯಿದ್ದಾಗ ಇನ್ನೂ ಒಂದು ಸೆಕೆಂಡಿನಷ್ಟು ತಡ ಇದೆ. ಧರ್ಮಸ್ಥಳಕ್ಕೆ ಬಾಡಿಗೆ ಗಾಡಿಯಲ್ಲಿ ಹೋಗುವುದೆಂದು ತೀರ್ಮಾನಿಸಿದ್ದೇವೆ, ಮಾವನವರಿಗೆ ಅದೊಂದು ಅವಮಾನವಾಗಿದೆ. ಈಗ ಸರ್ವಿಸ್ ಸೆಂಟರಿನವರು ‘ಎಲ್ಲ ಸರಿಹೋಯಿತು, ಸಹಿ ಮಾಡಿ’ ಎನ್ನುತ್ತಿದ್ದಾರೆ. ಮಾಡಬಹುದೇ?

ಉತ್ತರ 7: ಗೇರ್‌ಬಾಕ್ಸ್ ಕೆಲಸ ಮಾಡುವವನು, ಚಿತ್ರದುರ್ಗ

ಸೋರಿಕೆ ಸಿಕ್ಕಿದ್ದು ಸಂತೋಷ, ಆದರೆ ಅರ್ಧ ಕೆಲಸ ಉಳಿದಿದೆ ತಾಯಿ. ಒಂದು ಲೀಟರಿಗೂ ಮೀರಿ ಎಣ್ಣೆಯ ಕೊರತೆ ಇಟ್ಟುಕೊಂಡು ಆ ಗೇರ್‌ಬಾಕ್ಸ್ ಎಷ್ಟು ಸಾವಿರ ಕಿಲೋಮೀಟರ್ ಓಡಿದೆಯೋ ಹೇಳುವವರಿಲ್ಲ, ಅಷ್ಟೂ ಸಲ ಬಿಲ್ಲೆಗಳು ಜಾರಿ ಉಜ್ಜಿಕೊಂಡಿರುತ್ತವೆ. ಉಳಿದಿರುವ ಒಂದು ಸೆಕೆಂಡು ಅದರ ಗುರುತಾಗಿರಬಹುದು, ಅಥವಾ ಕಂಪ್ಯೂಟರ್ ಕಡಿಮೆ ಒತ್ತಡದ ಕಾಲದಲ್ಲಿ ಕಲಿತ ಲೆಕ್ಕವನ್ನೇ ಇನ್ನೂ ನೆನಪಿಟ್ಟುಕೊಂಡಿರಬಹುದು. ಎರಡನೆಯದಾದರೆ ಆ ನೆನಪನ್ನು ಅಳಿಸಿ ಹೊಸದಾಗಿ ಕಲಿಸಿದರೆ ಹೋಗುತ್ತದೆ. ಮೊದಲು ಅದನ್ನು ಮಾಡಿಸಿ, ಐದು ನಿಮಿಷದ ಕೆಲಸವಲ್ಲ, ಆದರೆ ದುಡ್ಡಿನ ಕೆಲಸವೂ ಅಲ್ಲ.

ಹೋಗದಿದ್ದರೆ ಹಳೆಯ ಎಣ್ಣೆಯನ್ನು ಪೂರ್ತಿ ಇಳಿಸಿ ತಟ್ಟೆ ಬಿಚ್ಚಿ ನೋಡಬೇಕು. ಇಳಿಸಿದ ಎಣ್ಣೆಗೆ ಸುಟ್ಟ ವಾಸನೆ ಇರಬಾರದು. ತಟ್ಟೆಯ ಅಯಸ್ಕಾಂತದ ಮೇಲೆ ಬೂದು ಬಣ್ಣದ ನುಣ್ಣನೆಯ ಮಸಿ ತೆಳ್ಳಗೆ ಇದ್ದರೆ ಅದು ಎಲ್ಲ ಗೇರ್‌ಬಾಕ್ಸಿನಲ್ಲೂ ಇರುವಂಥದ್ದು, ಹೆದರಬೇಡಿ. ಲೋಹದ ಚೂರು ಕಂಡರೆ, ಅಥವಾ ಎಣ್ಣೆ ಕಾಫಿ ಕಷಾಯದಂತೆ ಕಪ್ಪಾಗಿ ತಳದಲ್ಲಿ ಬಿಲ್ಲೆಯ ಕರಿಪುಡಿ ಕೂತಿದ್ದರೆ ಗೇರ್‌ಬಾಕ್ಸ್ ಬದಲಿಸಿ ಎಂದು ಕೇಳುವ ಹಕ್ಕು ನಿಮಗಿದೆ. ಬಿಚ್ಚಿದಾಗ ಹತ್ತಿರ ನಿಂತು ಚಿತ್ರ ತೆಗೆದುಕೊಳ್ಳಿ. ಸಹಿಯ ವಿಷಯವನ್ನು ವಕೀಲರಿಗೆ ಬಿಡುತ್ತೇನೆ.

ಉತ್ತರ 8: ವಕೀಲ, ದಾವಣಗೆರೆ

ಸಹಿ ಮಾಡಿ, ಆದರೆ ಖಾಲಿ ‘ತೃಪ್ತಿಕರ’ಕ್ಕೆ ಬೇಡ. ‘ಸೋರಿಕೆ ಸರಿಪಡಿಸಲಾಗಿದೆ, ಹಿಮ್ಮುಖ ಗೇರಿನ ತಡ ಉಳಿದಿದೆ, ಕಡಿಮೆ ಎಣ್ಣೆಯಲ್ಲಿ ಓಡಿದ್ದರಿಂದ ಗೇರ್‌ಬಾಕ್ಸಿಗೆ ಆಗಿರಬಹುದಾದ ಹಾನಿಯ ಪರಿಶೀಲನೆ ಬಾಕಿಯಿದೆ’ ಎಂದು ಬರೆದು ಅದರ ಕೆಳಗೆ ಸಹಿ ಮಾಡಿ. ಹಾಕಿದ ಎಣ್ಣೆಯ ಪ್ರಮಾಣ ಬಿಲ್ಲಿನಲ್ಲಿ, ಮೊತ್ತ ಸೊನ್ನೆಯಾಗಿದ್ದರೂ, ಲೀಟರಿನ ಲೆಕ್ಕದಲ್ಲಿ ನಮೂದಾಗಿರಲಿ. ಸೋರಿಕೆ ಎಷ್ಟಿತ್ತೆಂಬುದಕ್ಕೆ ನಿಮ್ಮ ಬಳಿ ಉಳಿಯುವ ಸಾಕ್ಷಿ ಅದೊಂದೇ. ಗೇರ್‌ಬಾಕ್ಸಿಗೆ ಮಾತ್ರವಾದರೂ ವಾರಂಟಿಯನ್ನು ಒಂದೆರಡು ವರ್ಷ ವಿಸ್ತರಿಸಿ ಕೊಡಿ ಎಂದು ಕಂಪನಿಗೆ ಬರೆಯಿರಿ. ಕೊಡಲೇಬೇಕೆಂಬ ನಿಯಮವಿಲ್ಲ, ಆದರೆ ಪಿ0730ರ ಮುದ್ರಿತ ಪ್ರತಿ ಲಗತ್ತಿಸಿದ ಪತ್ರಕ್ಕೆ ಇಲ್ಲ ಎನ್ನುವುದು ಅವರಿಗೂ ಅಷ್ಟು ಸುಲಭವಲ್ಲ.

ಪ್ರಶ್ನೆ ಕೇಳಿದವರ ಮರುನುಡಿ

ಹಾಗೆಯೇ ಬರೆದು ಸಹಿ ಮಾಡಿದೆ. ಸರ್ವಿಸ್ ಸೆಂಟರಿನ ಸಲಹೆಗಾರರು ಓದಿ, ಮ್ಯಾನೇಜರನ್ನು ಕೇಳಿ ಬರುತ್ತೇನೆಂದು ಒಳಗೆ ಹೋಗಿ, ಇಪ್ಪತ್ತು ನಿಮಿಷದ ನಂತರ ಮೊಹರು ಹಾಕಿ ಕೊಟ್ಟರು. ಬಿಲ್ಲಿನಲ್ಲಿ 1.3 ಲೀಟರ್ ಎಂದು ಬರೆಸಿದ್ದೇನೆ. ತಟ್ಟೆ ಬಿಚ್ಚಿ ನೋಡಲು ಮುಂದಿನ ಬುಧವಾರ ಕರೆದಿದ್ದಾರೆ, ಚಿತ್ರಗಳನ್ನು ಇಲ್ಲೇ ಹಾಕುತ್ತೇನೆ.